ಖೈದಿಗೆ ನಾನು ಹೇಳಿದ ಮೂರು ಮಾತು

ಬದುಕಿನಲ್ಲಿ ನಾನು ಒಂದೇ ಒಂದು ಸಿನಿಮಾದಲ್ಲಿ ಪಾರ್ಟು ಮಾಡಿದ್ದೇನೆ. ಜೈಲು ಅಧಿಕಾರಿಯ ಪಾರ್ಟು. ತೆರೆಯ ಮೇಲೆ ನಾನಿರುವುದು ಅರ್ಧ ನಿಮಿಷವೂ ಇಲ್ಲ. ಆದರೂ ಆಗಿನ ಕಾಲದ ಪರಿಚಯದವರು ಸಿಕ್ಕಿದಾಗಲೆಲ್ಲ "ಏನ್ ಜೈಲರ್ ಸಾಹೇಬ್ರೇ, ಹೇಗಿದೀರಿ?" ಎಂದು ಹಲ್ಲು ಕಿರಿಯುತ್ತಾರೆ. ನನಗೆ ಮೈ ಉರಿಯುತ್ತದೆ. "ಹೋಗ್ಲಿ ಬಿಡಿ, ಅವರಿಗೇನು ಗೊತ್ತು" ಎಂದು ಹೆಂಡತಿ ಸಮಾಧಾನ ಮಾಡುತ್ತಾಳೆ. ಅವರಿಗೆ ಗೊತ್ತಿಲ್ಲ, ನಿಜ. ಯಾರಿಗೂ ಗೊತ್ತಾಗಬಾರದು ಎಂದು ನಾನೇ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ನಾರ್ತ್ ಕೆರೊಲೈನಾದ ಏಪೆಕ್ಸ್‌ನಲ್ಲಿ. ನಾನು ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಆಗ ಆ ಕಡೆ ಕನ್ನಡದವರು ತುಂಬ ಜನವಿರಲಿಲ್ಲ. ಯಾರ ಮನೆಯ ಸಾರಿಗೆ ಉಪ್ಪು ಜಾಸ್ತಿ, ಯಾರ ಮನೆಯ ಬಿಸಿಬೇಳೆಬಾತಿಗೆ ಖಾರ ಕಮ್ಮಿ ಎಂಬುದು ಎಲ್ಲರಿಗೂ ಗೊತ್ತಿರುವಷ್ಟು ಜನ. ನಮಗೆಲ್ಲ ಹಿರಿಯರೆಂದರೆ ಒಬ್ಬ ಡಾಕ್ಟರ್ ಅಂಕಲ್. ನಾವಿನ್ನೂ ತೊಟ್ಟಿಲಲ್ಲಿದ್ದಾಗಲೇ ಅಮೆರಿಕಕ್ಕೆ ಬಂದು ನೆಲೆನಿಂತವರು. ದೊಡ್ಡ ಮನೆ, ದೊಡ್ಡ ಟಿವಿ, ಅದಕ್ಕಿಂತ ದೊಡ್ಡ ಗಂಟಲು. ಒಂದು ದಿನ ಅವರ ಫೋನು ಬಂತು.

"ಏನಯ್ಯಾ, ಮೀಸೆ ಇದೆಯೋ, ಬೋಳಿಸಿಬಿಟ್ಯೋ?"

"ಇದೆ ಅಂಕಲ್. ಯಾಕೆ?"

"ಹಾಗೇ ಇಟ್ಕೋ. ನಿನ್ನನ್ನ ಜೈಲಿಗೆ ಕಳಿಸ್ತಿದೀನಿ."

ಅವರ ಪೇಷೆಂಟ್ ಒಬ್ಬಾಕೆ ಟಿವಿ ಸಿನಿಮಾಗಳಿಗೆ ಜನ ಒದಗಿಸುವ ಕೆಲಸದಲ್ಲಿದ್ದಳಂತೆ. ಕೆರೊಲೈನಾದವನೇ ಆದ ಒಬ್ಬ ಪತ್ರಕರ್ತ ವರದಿ ಮಾಡಲು ಪರದೇಶಕ್ಕೆ ಹೋಗಿ, ಅಲ್ಲಿ ಸಿಕ್ಕಿಬಿದ್ದು, ಬಹಳ ತಿಂಗಳು ಜೈಲಿನಲ್ಲಿದ್ದು ಬಂದಿದ್ದ. ಅವನ ಜೀವನದ ಮೇಲೆ ಸಿನಿಮಾ ತೆಗೆಯುತ್ತಿದ್ದರು. ಯಾವ ದೇಶ ಎಂದು ಸಿನಿಮಾದಲ್ಲೂ ಹೇಳುವುದಿಲ್ಲವಂತೆ, ಯಾಕೆ ಸುಮ್ಮನೆ ತಕರಾರು ಎಂದು. ಆ ಇಲ್ಲದ ದೇಶಕ್ಕೆ ಕಂದು ಬಣ್ಣದ, ಮೀಸೆಯಿರುವ ಗಂಡಸರು ಬೇಕಾಗಿದ್ದರು. ಡಾಕ್ಟರ್ ಅಂಕಲ್ ಮಾರಿಸ್‌ವಿಲ್ ದೇವಸ್ಥಾನದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವರಲ್ಲೇ ಏಳು ಜನರನ್ನು ಹಿಡಿದರು.

ಶೂಟಿಂಗ್ ಇದ್ದದ್ದು ಒಂದು ಗಂಟೆಯ ದಾರಿಯಲ್ಲಿ, ಮುಚ್ಚಿಹೋದ ಬಟ್ಟೆ ಗಿರಣಿಯೊಂದರಲ್ಲಿ. ಒಳಗೆ ಜೈಲು ಕಟ್ಟಿದ್ದರು. ಗೋಡೆಗೆ ಪಾಚಿಯ ಬಣ್ಣ, ನೆಲಕ್ಕೆ ಕೊಳೆಯ ಬಣ್ಣ. ನಮಗೆ ಖಾಕಿ ಹಾಕಿಸಿದರು. ಉಳಿದ ಆರು ಜನ ಲಾಠಿ ಹಿಡಿದು ಹಿಂದೆ ನಿಲ್ಲಬೇಕು. ನಿರ್ದೇಶಕ ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ ನನ್ನನ್ನು ಮುಂದಕ್ಕೆ ಕರೆದ. ನಿನ್ನ ಮುಖದಲ್ಲಿ ಒಳ್ಳೆಯತನವಿದೆ, ನೀನೇ ಅಧಿಕಾರಿ ಅಂದ. ಗೆಳೆಯರೆಲ್ಲ ಕಿಸಕ್ಕನೆ ನಕ್ಕರು. ನನಗೆ ಒಳಗೊಳಗೇ ಜಂಬ. ಕಂಪನಿ ಬಿಟ್ಟು ಬೇರೆ ಕಡೆ ಸಂಬಳ ತೆಗೆದುಕೊಂಡರೆ ಗ್ರೀನ್ ಕಾರ್ಡಿಗೆ ಕಲ್ಲು ಬೀಳುತ್ತದೆಂದು ಹೆದರಿ, ದುಡ್ಡು ಬೇಡ, ಊಟ ಹಾಕಿ ಸಾಕು ಎಂದು ಮೊದಲೇ ಬರೆದುಕೊಟ್ಟಿದ್ದೆ.

ಪಾರ್ಟು ಇಷ್ಟೇ. ಖೈದಿಯ ಮುಂದೆ ಒಂದು ಲೋಟ ಟೀ ಇಡಬೇಕು. 'ತಪ್ಪು ಮಾಡಿದೆ, ಕ್ಷಮಿಸಿ, ಇನ್ನು ಮುಂದೆ ಬರೆಯುವುದಿಲ್ಲ' ಎಂದು ಟೈಪ್ ಮಾಡಿದ ಕಾಗದವನ್ನು ಅವನ ಕಡೆ ತಳ್ಳಿ, ಮೆತ್ತಗೆ ಮಾತಾಡಿ, ಸಹಿ ಹಾಕುವಂತೆ ಒಲಿಸಬೇಕು. ಅವನು ಹಾಕುವುದಿಲ್ಲ.

"ಏನು ಮಾತಾಡಲಿ?" ಎಂದು ಕೇಳಿದೆ.

"ನಿನ್ನ ಭಾಷೆಯಲ್ಲಿ ಏನಾದರೂ ಹೇಳು. ಯಾರಿಗೂ ಗೊತ್ತಾಗುವುದಿಲ್ಲ" ಅಂದ ನಿರ್ದೇಶಕ.

ಅಮೆರಿಕದಲ್ಲಿ ನಮ್ಮವರಿಗೆಲ್ಲ ಒಂದು ಕೆಟ್ಟ ಚಾಳಿ ಅಂಟಿರುತ್ತದೆ. ಅಂಗಡಿಯ ಸಾಲಿನಲ್ಲಿ, ಲಿಫ್ಟಿನಲ್ಲಿ, ಎದುರಿಗೆ ನಿಂತವರ ಬಗ್ಗೆಯೇ ಕನ್ನಡದಲ್ಲಿ ಧಾರಾಳವಾಗಿ ಮಾತಾಡುತ್ತೇವೆ. "ಈ ಯಪ್ಪ ಎಷ್ಟ್ ಹೊತ್ತು ಮಾಡ್ತಾನೋ ಮಾರಾಯ" ಎಂದು ಅವನ ಮುಖ ನೋಡಿಕೊಂಡೇ ಹೇಳಿ ಮುಗುಳ್ನಗುತ್ತೇವೆ. ಕನ್ನಡವೆಂದರೆ ಒಳಗಿಂದ ಚಿಲಕ ಹಾಕಿಕೊಂಡ ಕೋಣೆ, ಅಲ್ಲಿ ಏನಾಡಿದರೂ ಹೊರಗೆ ಕೇಳಿಸುವುದಿಲ್ಲ ಎಂಬ ನಂಬಿಕೆ. ಅದೇ ನಂಬಿಕೆಯಲ್ಲಿ ನಾನು ಆ ಕುರ್ಚಿಯ ಮೇಲೆ ಕೂತೆ. ಲೈಟು ಹಾಕಿದರು. ಎದುರಿಗೆ ಗಡ್ಡ ಬಿಟ್ಟ ನಟ, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ. ನಾನು ಕಾಗದ ತಳ್ಳಿದೆ. ಬಾಯಿ ತೆರೆದೆ. ಯಾವುದಾದರೂ ಗಾದೆಯೋ ಮಗ್ಗಿಯೋ ಹೇಳಿದ್ದರೂ ನಡೆಯುತ್ತಿತ್ತು. ಆದರೆ ಬಾಯಿಂದ ಬಂದದ್ದು ಇದು:

"ಸಹಿ ಹಾಕ್ಬಿಡಿ. ಮನೆಗೆ ಹೋಗೋಣ. ಅಮ್ಮ ಊಟ ಬಿಟ್ಟಿದಾಳೆ."

ನಿರ್ದೇಶಕನಿಗೆ ಖುಷಿಯೋ ಖುಷಿ. ನಾಲ್ಕು ಸಲ ತೆಗೆದ. ನಾಲ್ಕು ಸಲವೂ ನಾನು ಅದನ್ನೇ ಹೇಳಿದೆ. ನಾಲ್ಕನೆಯ ಸಲ ಹೇಳುವಾಗ ಗಂಟಲು ಕಟ್ಟಿತು. ಅವನು ಆರಿಸಿಕೊಂಡದ್ದು ಅದನ್ನೇ.

ಮೂಲೆಯಲ್ಲಿ ಒಬ್ಬ ಬಿಳಿಯ ಕೂದಲಿನವನು ಕಾಫಿ ಹಿಡಿದು ನಿಂತಿದ್ದ. ಆಮೇಲೆ ಹತ್ತಿರ ಬಂದು ಕೈ ಕುಲುಕಿದ. ಅವನೇ ಆ ಪತ್ರಕರ್ತ. "ಜೈಲಿನಲ್ಲಿ ನನ್ನ ಹತ್ತಿರ ಬರುತ್ತಿದ್ದ ಅಧಿಕಾರಿಯೂ ಹೀಗೇ ಮೆತ್ತಗೆ ಮಾತಾಡುತ್ತಿದ್ದ, ಬೈಯುವವರಿಗಿಂತ ಅವನಿಗೇ ನಾನು ಹೆದರುತ್ತಿದ್ದೆ" ಅಂದ. ನನಗೆ ತಡೆಯಲಾಗಲಿಲ್ಲ. "ಕೊನೆಗೂ ನೀವು ಸಹಿ ಹಾಕಲೇ ಇಲ್ಲ ಅಲ್ಲವೆ?" ಎಂದು ಕೇಳಿಬಿಟ್ಟೆ. ಅವನು "ಸಿನಿಮಾದಲ್ಲಿ ಹಾಕುವುದಿಲ್ಲ" ಅಂದ. ಅಷ್ಟು ಹೇಳಿ ಕಾಫಿ ತುಂಬಿಸಿಕೊಳ್ಳಲು ಹೋದ. ನನಗೆ ಅರ್ಥವಾಯಿತು. ಮತ್ತೆ ಕೇಳಲು ಧೈರ್ಯ ಸಾಲಲಿಲ್ಲ.

ಆ ಮೂರು ಮಾತು ನನ್ನ ನಾಲಿಗೆಯ ಮೇಲೆ ಎಲ್ಲಿಂದ ಬಂತು ಎಂದು ಹೇಳಬೇಕು.

ನಮ್ಮಪ್ಪ ಮೈಸೂರಿನಲ್ಲಿ ನಾಲ್ಕು ಪುಟದ ಒಂದು ವಾರಪತ್ರಿಕೆ ನಡೆಸುತ್ತಿದ್ದರು. ಬರೆಯುವವರೂ ಅವರೇ, ಪ್ರೂಫ್ ನೋಡುವವರೂ ಅವರೇ, ಸೈಕಲ್ಲಿನ ಮೇಲೆ ಹಂಚುವವರೂ ಹೆಚ್ಚುಕಮ್ಮಿ ಅವರೇ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಬರೆದದ್ದಕ್ಕೆ ಅವರನ್ನು ಹಿಡಿದು ಬೆಂಗಳೂರಿನ ಜೈಲಿಗೆ ಹಾಕಿದರು. ಆಗ ನನಗೆ ಹನ್ನೊಂದು ವರ್ಷ. ಕೆಲವು ತಿಂಗಳಾದ ಮೇಲೆ, ಮುಚ್ಚಳಿಕೆ ಬರೆದುಕೊಟ್ಟವರನ್ನು ಬಿಡುತ್ತಾರಂತೆ ಎಂದು ಯಾರೋ ಅಮ್ಮನ ಕಿವಿಗೆ ಹಾಕಿದರು. ಅಮ್ಮ ನನ್ನನ್ನು ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಪಾಠ. "ಅಪ್ಪನ ಮುಂದೆ ಹೀಗೆ ಹೇಳು. ಅಳಬೇಡ. ಸ್ಪಷ್ಟವಾಗಿ ಹೇಳು." ಮದ್ದೂರಿನ ಹೊತ್ತಿಗೆ ನನಗೆ ಬಾಯಿಪಾಠವಾಗಿತ್ತು.

ಉದ್ದನೆಯ ಕೋಣೆ. ಬೆಂಚುಗಳ ಮೇಲೆ ಅಪ್ಪನ ಜೊತೆ ಒಳಗಿದ್ದವರು, ಅವರನ್ನು ನೋಡಲು ಬಂದ ಮನೆಯವರು. ಅಪ್ಪ ಬಂದು ಕೂತರು. ನಾನು ಎದ್ದು ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಒಪ್ಪಿಸಿದೆ. "ಸಹಿ ಹಾಕ್ಬಿಡಿ ಅಪ್ಪಾ. ಮನೆಗೆ ಹೋಗೋಣ. ಅಮ್ಮ ಊಟ ಬಿಟ್ಟಿದಾಳೆ." ಅಕ್ಕಪಕ್ಕದವರು ತಿರುಗಿ ನೋಡಿದರು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳಿಸುವಂತೆ, "ಆಯ್ತು ಕಂದ. ನೀನು ಹೇಳಿದ ಮೇಲೆ ಮುಗೀತು" ಅಂದರು. ವಾರದೊಳಗೆ ಮನೆಗೆ ಬಂದರು.

ಬಂದವರು ಪತ್ರಿಕೆ ನಿಲ್ಲಿಸಿದರು. ಅದೇ ಪ್ರೆಸ್ಸಿನಲ್ಲಿ ಮದುವೆ ಕಾಗದ, ಗೃಹಪ್ರವೇಶದ ಕಾಗದ ಅಚ್ಚು ಹಾಕುತ್ತಾ ಕೂತರು. ಜೈಲಿನ ವಿಷಯ ಯಾರಾದರೂ ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಸಹಿ ಹಾಕದೆ ಉಳಿದವರು ಕೊನೆಗೆ ಹೂವಿನ ಹಾರ ಹಾಕಿಸಿಕೊಂಡು ಊರಿಗೆ ಬಂದರು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ಅಪ್ಪನನ್ನು ಕಂಡರೆ ರಸ್ತೆಯ ಆಚೆಗೆ ದಾಟಿಕೊಳ್ಳುವವರೂ ಇದ್ದರು. ಇತ್ತ ನೆಂಟರ ಮನೆಗಳಲ್ಲಿ ನಾನು ದೊಡ್ಡ ಮನುಷ್ಯ. "ಅಪ್ಪನ್ನ ಜೈಲಿಂದ ಬಿಡಿಸ್ಕೊಂಡು ಬಂದ ಹುಡುಗ" ಎಂದು ಸೋದರತ್ತೆಯರು ದೃಷ್ಟಿ ತೆಗೆಯುತ್ತಿದ್ದರು. ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಮದುವೆಯಲ್ಲಿ ಅಪ್ಪನ ಹಳೆಯ ಸ್ನೇಹಿತರೊಬ್ಬರು, ಹಾರ ಹಾಕಿಸಿಕೊಂಡವರಲ್ಲಿ ಒಬ್ಬರು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅವತ್ತು ನೀನೊಬ್ಬ ಬಾಯಿ ಮುಚ್ಕೊಂಡಿದ್ದಿದ್ರೆ, ನಿಮ್ಮಪ್ಪಾನೂ ನಮ್ ಜೊತೆ ತಲೆ ಎತ್ಕೊಂಡು ಬರ್ತಿದ್ದ ಕಣಯ್ಯಾ."

ಅವತ್ತಿನಿಂದ ಇದು ನನ್ನೊಳಗೆ ಕೂತಿದೆ. ನಮ್ಮಪ್ಪನ ಪತ್ರಿಕೆ ನಿಲ್ಲಿಸಿದವನು ನಾನು. ಸರ್ಕಾರ ಮಾಡಲಾಗದ್ದನ್ನು ನಾನು ಮೂರು ಮಾತಿನಲ್ಲಿ ಮಾಡಿ ಮುಗಿಸಿದೆ. ಯಾರ ಹತ್ತಿರವೂ ಇದನ್ನು ಹೇಳಿಕೊಂಡಿರಲಿಲ್ಲ. ಹೆಂಡತಿಗೆ ಗೊತ್ತಿದ್ದದ್ದೂ ಸೋದರತ್ತೆಯರ ಕಥೆಯೇ.

ಸಿನಿಮಾ ಟಿವಿಯಲ್ಲಿ ಬರುವ ಹೊತ್ತಿಗೆ ಅಪ್ಪ ನಮ್ಮ ಮನೆಯಲ್ಲಿದ್ದರು. ಅಮ್ಮ ತೀರಿಹೋಗಿ ಎರಡು ವರ್ಷವಾಗಿತ್ತು. ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಸಿನಿಮಾದ ವಿಷಯ ನಾನು ಉಸಿರೆತ್ತಿರಲಿಲ್ಲ. ಅದು ಪ್ರಸಾರವಾಗುವ ವಾರಾಂತ್ಯಕ್ಕೆ ಸರಿಯಾಗಿ ಅಪ್ಪನಿಗೆ ವಾಷಿಂಗ್ಟನ್ ತೋರಿಸುತ್ತೇನೆಂದು ಕಾರು ತೆಗೆದೆ. ಅವರು ಮ್ಯೂಸಿಯಮ್ಮುಗಳಲ್ಲಿ ಕಾಲೆಳೆದುಕೊಂಡು ಓಡಾಡಿದರು, ನಾನು ಗೆದ್ದೆ ಅಂದುಕೊಂಡೆ. ವಾಪಸು ಬಂದ ಮರುದಿನ ನಾನು ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಡಾಕ್ಟರ್ ಅಂಕಲ್ ಫೋನು ಮಾಡಿದ್ದಾರೆ, ಅಪ್ಪನೇ ಎತ್ತಿಕೊಂಡಿದ್ದಾರೆ.

"ನೀನು ಸಿನಿಮಾದಲ್ಲಿ ಮಾಡಿದೀಯಂತಲ್ಲೋ! ಹೇಳೋದಲ್ವಾ?" ಅಪ್ಪನ ಮುಖ ಅರಳಿತ್ತು. "ಅವರು ಟೇಪ್ ಮಾಡಿಟ್ಟಿದಾರಂತೆ. ಭಾನುವಾರ ಮಧ್ಯಾಹ್ನ ಎಲ್ಲರಿಗೂ ಊಟ ಅಲ್ಲೇ ಅಂತೆ."

"ಏನೂ ಇಲ್ಲಪ್ಪ ಅದು. ಮೂರು ಕಾಸಿನ ಸಿನಿಮಾ. ನಿಮಗೆ ಬೋರಾಗತ್ತೆ."

"ಪತ್ರಕರ್ತನ ಕಥೆ ಅಂತಲ್ಲಯ್ಯಾ" ಅಂದರು. ಮುಖ ಅರಳಿದ್ದು ಹಾಗೇ ಇತ್ತು, ದನಿ ಮಾತ್ರ ಸ್ವಲ್ಪ ಇಳಿದಿತ್ತು. "ನೋಡೋಣ. ನಾನೂ ಬರ್ತೀನಿ."

ಆ ವಾರವೆಲ್ಲ ನೆಪ ಹುಡುಕಿದೆ. ಕಾರು ಕೈಕೊಡುತ್ತಿದೆ ಅಂದೆ, ನೆಗಡಿ ಅಂದೆ. ಹೆಂಡತಿ ನನ್ನನ್ನೇ ಗದರಿಸಿದಳು. "ಮಾವನವರಿಗೆ ಇಲ್ಲಿ ಬಂದ್ಮೇಲೆ ಒಂದಾದ್ರೂ ಸಂತೋಷ ಬೇಡ್ವಾ? ನಿಮಗೆ ಬೇಡದಿದ್ರೆ ಬಿಡಿ, ನಾನೇ ಡ್ರೈವ್ ಮಾಡ್ತೀನಿ." ಎಡಿಟಿಂಗಿನಲ್ಲಿ ನನ್ನ ಭಾಗ ಹಾರಿಹೋಗಿರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಾ ಹೋದೆ.

ಡಾಕ್ಟರ್ ಅಂಕಲ್ ಮನೆಯಲ್ಲಿ ಇಪ್ಪತ್ತೈದು ಜನ. ತಟ್ಟೆಗಳಲ್ಲಿ ಚಿತ್ರಾನ್ನ, ಪಕೋಡ. ಅಪ್ಪನಿಗೆ ಟಿವಿಯ ನೇರ ಎದುರಿಗೆ ಮೆತ್ತನೆಯ ಕುರ್ಚಿ ಕೊಟ್ಟರು. ನಾನು ಪಕ್ಕದ ಸೋಫಾದಲ್ಲಿ. ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆಗೆ ಆ ಪಾಚಿಬಣ್ಣದ ಗೋಡೆ ಬಂತು. ಟೀ ಲೋಟ ಬಂತು. ನನ್ನ ಮೀಸೆ ಬಂತು. "ಬಂದ ನೋಡ್ರಪ್ಪೋ!" ಎಂದು ಯಾರೋ ಸಿಳ್ಳೆ ಹಾಕಿದರು. ಟಿವಿಯೊಳಗಿನ ನಾನು, ನನ್ನದೇ ಧ್ವನಿಯಲ್ಲಿ, ಗಂಟಲು ಕಟ್ಟಿಕೊಂಡು ಹೇಳಿದೆ: "ಸಹಿ ಹಾಕ್ಬಿಡಿ. ಮನೆಗೆ ಹೋಗೋಣ. ಅಮ್ಮ ಊಟ ಬಿಟ್ಟಿದಾಳೆ." ಕೆಳಗೆ ಇಂಗ್ಲಿಷಿನ ಅಕ್ಷರಗಳು ಬೇರೆಯೇ ಹೇಳುತ್ತಿದ್ದವು. ಸಹಿ ಹಾಕದಿದ್ದರೆ ಇಲ್ಲೇ ಕೊಳೆತುಹೋಗುತ್ತೀಯ ಎಂದು.

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. "ಅಮ್ಮ ಊಟ ಬಿಟ್ಟಿದಾಳಂತೆ! ಯಾರಮ್ಮ ಗುರೂ?" "ಬಿಳಿಯಪ್ಪಂಗೆ ಏನ್ ಮರ್ಯಾದೆ, ಏನ್ ಮರ್ಯಾದೆ!" ಡಾಕ್ಟರ್ ಅಂಕಲ್ ಕಣ್ಣೊರೆಸಿಕೊಳ್ಳುತ್ತಾ ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಮತ್ತೂ ಒಂದು ಸಲ ಹಾಕಿದರು. ಇಲ್ಲೇ ಹುಟ್ಟಿ ಬೆಳೆದ ಅವರ ಮಗಳು ಮಾತ್ರ ನಗದೆ, "ಅಂಕಲ್, ಯಾಕೆ ನೀವು ಸ್ಯಾಡ್ ಇದೀರ ಅಲ್ಲಿ?" ಎಂದು ಕೇಳಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಅಪ್ಪನ ಕಡೆ ತಿರುಗಲಿಲ್ಲ. ತಿರುಗಲು ಕತ್ತೇ ಬರಲಿಲ್ಲ. ಅವರು ನಗುತ್ತಿಲ್ಲ ಎಂಬುದು ನೋಡದೆಯೂ ಗೊತ್ತಾಗುತ್ತಿತ್ತು.

ಮನೆಗೆ ಬಂದ ಅಪ್ಪ ಸೀದಾ ತಮ್ಮ ಕೋಣೆಗೆ ಹೋದರು. ಊಟ ಬೇಡವೆಂದು ಮಲಗಿದರು.

ಮರುದಿನ ನಾನು ಕೆಲಸಕ್ಕೆ ರಜೆ ಹಾಕಿದೆ. ಹೆಂಡತಿ ಸಾಮಾನು ತರಲು ಹೊರಗೆ ಹೋಗಿದ್ದಳು. ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ಎದುರಿಗೆ ಕೂತೆ.

"ಅದು ನೀನು ನನಗೆ ಹೇಳಿದ ಮಾತಲ್ವೇನೋ?" ಎಂದು ಕೇಳಿದರು.

"ಹೌದಪ್ಪ."

"ಅದನ್ನೇ ಯಾಕೆ ಹೇಳ್ದೆ?"

"ಬೇರೆ ಏನೂ ಬಾಯಿಗೆ ಬರ್ಲಿಲ್ಲ." ಅಷ್ಟು ಹೇಳುವುದರೊಳಗೆ ನನ್ನ ಕಟ್ಟೆ ಒಡೆಯಿತು. "ನಾನು ಅವತ್ತು ಹಾಗೆ ಹೇಳ್ಬಾರ್ದಿತ್ತು ಅಪ್ಪ. ನನ್ನಿಂದ ನಿಮ್ಮ ಪತ್ರಿಕೆ ಹೋಯ್ತು, ನಿಮ್ಮ ಮರ್ಯಾದೆ ಹೋಯ್ತು. ದಿನಾ ಅದೇ ಯೋಚನೆ ನನಗೆ. ಮಾಡಬಾರದ್ದು ಮಾಡ್ಬಿಟ್ಟೆ."

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ನೀನು ಬರೋಕೆ ನಾಲ್ಕು ದಿನ ಮುಂಚೇನೇ ನಾನು ಸಹಿ ಹಾಕಿ ಕೊಟ್ಟಾಗಿತ್ತು" ಅಂದರು.

ಅವರೇ ಮುಂದುವರಿಸಿದರು.

"ಆಫೀಸಿಗೆ ಕರೆಸಿದ್ರು. ಟೀ ಕೊಟ್ರು. ಯಾರೂ ಹೊಡೀಲಿಲ್ಲ, ಬಯ್ಲಿಲ್ಲ. ಪೆನ್ನು ಕೈಗೆ ಕೊಟ್ರು, ಹಾಕ್ದೆ. ಹೆದರಿಕೆ ಆಗಿತ್ತು ಕಣೋ, ಅಷ್ಟೇ. ಬೇರೆ ಏನೂ ಕಾರಣ ಇಲ್ಲ. ಆಮೇಲೆ ಜೊತೇಲಿದ್ದೋರಿಗೆ ಹೇಗೆ ಮುಖ ತೋರ್ಸೋದು ಅಂತ ನಾಲ್ಕು ದಿನ ನಿದ್ದೆ ಮಾಡ್ಲಿಲ್ಲ. ಅಷ್ಟರಲ್ಲಿ ನೀನು ಬಂದೆ. ಎಲ್ಲರ ಎದುರಿಗೆ ಆ ಮಾತು ಹೇಳ್ದೆ. ನನಗೊಂದು ದಾರಿ ಸಿಕ್ತು."

ನನ್ನ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳಿಸುವಂತೆ ಅವರು ಆಡಿದ್ದ ಮಾತು ಆಗ ನನಗೆ ಅರ್ಥವಾಯಿತು.

"ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ."

"ಅವಳು ಸಾಯೋವರೆಗೂ?"

"ಹೇಳ್ಲಿಲ್ಲ. ನಿನಗೂ ಹೇಳ್ತಿರ್ಲಿಲ್ಲ. ನಿನ್ನೆ ಅಲ್ಲಿ ನಿನ್ನ ಮುಖ ನೋಡ್ದೆ. ಟಿವೀಲಿ ಅಲ್ಲ, ಸೋಫಾ ಮೇಲೆ. ನೋಡಿದ್ಮೇಲೆ ಸುಮ್ನಿರಕ್ಕಾಗ್ಲಿಲ್ಲ."

ಇಂಥ ಹೊತ್ತಿನಲ್ಲಿ ಮನಸ್ಸು ಹಗುರವಾಗಬೇಕು, ಅಪ್ಪನನ್ನು ತಬ್ಬಿಕೊಳ್ಳಬೇಕು ಎಂದೆಲ್ಲ ನೀವು ಹೇಳಬಹುದು. ಹಾಗೇನೂ ಆಗಲಿಲ್ಲ. ನನಗೆ ಬಂದದ್ದು ಸಿಟ್ಟು. ಅಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಇಪ್ಪತ್ತು ವರ್ಷ ಈ ಮನುಷ್ಯ ತನ್ನ ಹೆದರಿಕೆಯನ್ನು ನನ್ನ ತಲೆಗೆ ಕಟ್ಟಿ ತಾನು ಮದುವೆ ಕಾಗದ ಅಚ್ಚು ಹಾಕಿಕೊಂಡು ಕೂತಿದ್ದ, ನಾನು ಹೊತ್ತುಕೊಂಡು ತಿರುಗಿದೆ.

"ಹನ್ನೊಂದು ವರ್ಷದ ಹುಡುಗ ಅಪ್ಪ ನಾನು!" ಎಂದು ಕೂಗಿದೆ. "ನಿಮ್ಮ ಸ್ನೇಹಿತರು ಮದುವೆ ಮನೇಲಿ ನಿಲ್ಸಿಕೊಂಡು ನನ್ನನ್ನ ಬಯ್ದ್ರು, ಗೊತ್ತಾ ನಿಮಗೆ? ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಅಂದ್ರು. ಗೊತ್ತಾ?"

"ಗೊತ್ತು. ಅವನೇ ಬಂದು ಹೇಳಿದ್ದ."

ಗೊತ್ತಿತ್ತಂತೆ. ಗೊತ್ತಿದ್ದೂ ಸುಮ್ಮನಿದ್ದರು. ನಾನು ಎದ್ದು ಹಿಂದಿನ ಬಾಗಿಲಿಂದ ಹೊರಗೆ ಹೋದೆ. ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಾ ಕೈ ಬೀಸಿದ. ನಾನೂ ಕೈ ಬೀಸಿದೆ. ಹೊರಗೆ ಹೋದವನು ತಣ್ಣಗಾಗಿ ಬರಬೇಕಾಗಿತ್ತು. ಇನ್ನಷ್ಟು ಕುದಿದು ಒಳಗೆ ಬಂದೆ. ಡ್ರಾಯರಿನಿಂದ ಒಂದು ಹಾಳೆ, ಒಂದು ಪೆನ್ನು ತೆಗೆದು ಅಪ್ಪನ ಮುಂದೆ ಇಟ್ಟೆ.

"ಈಗ ಹೇಳಿದ್ದನ್ನ ಇದರಲ್ಲಿ ಬರ್ಕೊಡಿ" ಅಂದೆ. "ಅತ್ತೆಯರಿಗೆಲ್ಲ ತೋರಿಸ್ತೀನಿ. ನಿಮ್ಮ ಸ್ನೇಹಿತರಿಗೂ ಕಳಿಸ್ತೀನಿ. ತಪ್ಪು ನನ್ನದಲ್ಲ, ನಿಮ್ಮದು ಅಂತ ಬರ್ಕೊಡಿ."

ನಾನು ಕಿರುಚಲಿಲ್ಲ. ಮೆತ್ತಗೇ ಹೇಳಿದೆ.

ಅಪ್ಪ ವಾದ ಮಾಡಲಿಲ್ಲ. ಕನ್ನಡಕ ಹಾಕಿಕೊಂಡರು. ಪೆನ್ನು ಹಿಡಿದರು. ಇಪ್ಪತ್ತು ವರ್ಷದಿಂದ ಲೆಕ್ಕಪತ್ರ ಬಿಟ್ಟು ಬೇರೇನೂ ಬರೆಯದ ಕೈ, ಮೊದಲ ಅಕ್ಷರವನ್ನು ಎರಡು ಸಲ ತಿದ್ದಿತು. ಆಮೇಲೆ ಸರಾಗವಾಯಿತು. ಐದಾರು ಸಾಲು ಬರೆದರು. ಕೆಳಗೆ ಪೂರ್ತಿ ಹೆಸರು, ಸಹಿ, ತಾರೀಖು, ಸ್ಥಳ ಎಂದು ಬರೆದು ಅದರ ಮುಂದೆ ಏಪೆಕ್ಸ್. ಇದನ್ನೆಲ್ಲ ಹೀಗೇ ಬರೆಯಬೇಕು ಎಂದು ಅವರಿಗೆ ಯಾರೋ ಹಿಂದೆಯೇ ಕಲಿಸಿದ್ದರು. ಹಾಳೆಯನ್ನು ನನ್ನ ಕಡೆ ತಿರುಗಿಸಿ ತಳ್ಳಿದರು. ತಳ್ಳಿ, ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತರು. ಅವರ ಮುಖ ನೋಡಿದೆ. ಅಪ್ಪ ನನಗೆ ಹೆದರಿದ್ದರು.

"ಓದಿ ನೋಡು" ಅಂದರು. "ಇಷ್ಟು ಸಾಕಾ, ಇನ್ನೇನಾದ್ರೂ ಸೇರಿಸ್ಬೇಕಾ?"

ನಾನು "ಸಾಕು" ಅಂದೆ. ಈ ಕಾಗದವೇ ಬೇಡ ಅನ್ನಬೇಕಾಗಿತ್ತು.